ಸ್ನಾಯುಗಳ ನೋವಿಗೆ ಕಾರ್ನಿಟೀನ್ ಬೇಕೆ?

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿರುವ ಹಗರೆಯ ಸೀಮೆಯಲ್ಲಿ ಊಟವೆಂದರೆ ಬಹುಮಟ್ಟಿಗೆ ರಾಗಿಮುದ್ದೆ, ಕಾಳಿನ ಸಾರು, ಮಜ್ಜಿಗೆ. ಇದನ್ನುಂಡು ಬೆಳೆದ ವಿದ್ಯಾರ್ಥಿಯೊಬ್ಬನು ಓಟದ ಪಂದ್ಯಕ್ಕಾಗಿ ಅಭ್ಯಾಸವನ್ನು ತೊಡಗಿದನೆನ್ನೋಣ. ಮರುದಿನ ಅವನ ತೊಡೆ, ಮೀನಖಂಡಗಳು ನೋಯತೊಡಗುತ್ತವೆ. ಆಗ ಯಾರಾದರೂ ಕಾರ್ನಿಟೀನ್ ಪುಡಿಯ ಡಬ್ಬಿಯನ್ನು ತೋರಿಸಿ, "ಮಾಂಸ ತಿನ್ನದವರಿಗೆ ಇದು ಬೇಕೇ ಬೇಕು, ನೋವೂ ಬೇಗ ಹೋಗುತ್ತದೆ" ಎಂದು ಹೇಳುವುದುಂಟು. ಹಣ ತೆರುವ ಮೊದಲು ಈ ವಸ್ತುವಾವುದೆಂಬುದನ್ನು ವಿಚಾರಿಸೋಣ.

1905ರಲ್ಲಿ ರಷ್ಯದ ಗುಲೆವಿಚ್ ಮತ್ತು ಕ್ರಿಂಬರ್ಗ್ ಎಂಬ ವಿಜ್ಞಾನಿಗಳು ಇದನ್ನು ಮಾಂಸದ ಸಾರದಿಂದ ಬೇರ್ಪಡಿಸಿದರು. ಮಾಂಸವೆಂಬ ಅರ್ಥದ ಲ್ಯಾಟಿನ್ ಮಾತಿನಿಂದಲೇ ಈ ಹೆಸರು ಬಂದಿತು. ಇದರ ಕೆಲಸ ಅಂಬಿಗನದು. ಕೊಬ್ಬು ಉರಿದು ಶಕ್ತಿಯಾಗುವುದು ಮುಖ್ಯವಾಗಿ ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳಲ್ಲಿ. ಆದರೆ ಉದ್ದ ಸರಪಣಿಯ ಕೊಬ್ಬಿನಾಮ್ಲಗಳು ಅವುಗಳ ಒಳಪೊರೆಯನ್ನು ತಾವಾಗಿ ದಾಟಲಾರವು. ಕಾರ್ನಿಟೀನ್ ಅವನ್ನು ಒಳದಡಕ್ಕೆ ಮುಟ್ಟಿಸಿ, ಮತ್ತೊಂದು ಹೊರೆಗಾಗಿ ಹಿಂದಿರುಗುತ್ತದೆ. ಒಂದೇ ದೋಣಿ ಅನೇಕ ಸಲ ಬಳಕೆಯಾಗುವುದರಿಂದ ದೇಹಕ್ಕೆ ಹೆಚ್ಚು ಬೇಕಿಲ್ಲ. ಪ್ರಾಯದವರ ಮೈಯಲ್ಲಿರುವುದು ಸುಮಾರು 20 ಗ್ರಾಂ. ಬಹುಪಾಲು ಸ್ನಾಯುಗಳಲ್ಲೇ ಇರುತ್ತದೆ.

ಮಾಂಸ ತಿನ್ನದವರ ಗತಿಯೇನು? ಯಕೃತ್ತು, ಮೂತ್ರಪಿಂಡಗಳು ಲೈಸೀನ್, ಮೆಥಿಯೊನೀನ್ ಎಂಬ ಅಮೈನೋ ಆಮ್ಲಗಳಿಂದ ಕಾರ್ನಿಟೀನನ್ನು ತಾವೇ ತಯಾರಿಸುತ್ತವೆ. ಕಬ್ಬಿಣವೂ ಸಿ ಜೀವಸತ್ವವೂ ಇದಕ್ಕೆ ಬೇಕು. ರಾಗಿಯಲ್ಲಿ ಲೈಸೀನ್ ಕಡಿಮೆ, ಮೆಥಿಯೊನೀನ್ ಸಾಕಷ್ಟು. ಅವರೆ, ಹುರುಳಿಗಳಲ್ಲಿ ಇದು ತಿರುವುಮುರುವು. ಮುದ್ದೆಗೆ ಕಾಳಿನ ಸಾರನ್ನು ಜೊತೆಮಾಡಿದ ಹಿರಿಯರಿಗೆ ಈ ಆಮ್ಲಗಳ ಹೆಸರು ತಿಳಿದಿರಲಿಲ್ಲ, ಆದರೆ ಜೋಡಿಯೇನೋ ಸರಿಯಾಗಿಯೇ ಕೂಡಿಬಂದಿದೆ! ಸಸ್ಯಾಹಾರಿಗಳ ರಕ್ತದಲ್ಲಿ ಕಾರ್ನಿಟೀನ್ ತುಸು ಕಡಿಮೆಯಿರುವುದು ನಿಜ. ಆದರೂ ಮೂತ್ರಪಿಂಡಗಳು ಅದನ್ನು ಪೋಲಾಗಗೊಡದೆ ಉಳಿಸುವುದರಿಂದ ಆರೋಗ್ಯವಂತರಿಗೆ ಕೊರತೆ ತಟ್ಟದು. ಹುಟ್ಟಿನಿಂದ ಕಾರ್ನಿಟೀನ್ ಕೊರತೆಯ ರೋಗವಿರುವಂಥವರಿಗೆ ವೈದ್ಯರು ಇದನ್ನು ಔಷಧವಾಗಿ ಕೊಡುತ್ತಾರೆ.

ಇನ್ನು ನೋವಿನ ಮಾತು. ಇದಕ್ಕೆ ಹಾಲಿನಾಮ್ಲವೇ ಕಾರಣವೆಂಬ ನಂಬಿಕೆ ಬಹುಕಾಲ ಇದ್ದಿತು. ಆದರೆ ಅದು ಒಂದೆರಡು ಗಂಟೆಯೊಳಗೆ ರಕ್ತದಿಂದ ಕಳೆದುಹೋಗುತ್ತದೆ. ರೂಢಿಯಿಲ್ಲದ ಶ್ರಮದಿಂದ ಸ್ನಾಯುವಿನ ಎಳೆಗಳಿಗಾಗುವ ಅತಿಸಣ್ಣ ಹಾನಿ, ಅದನ್ನು ಹಿಂಬಾಲಿಸುವ ಉರಿಯೂತ ಇವೇ ನೋವಿನ ಮೂಲ. ದಿನಕ್ಕೆ 2 ಗ್ರಾಂನಂತೆ ಕಾರ್ನಿಟೀನ್ ಸೇವಿಸಿದವರಲ್ಲಿ ನೋವು ಕೊಂಚ ತಗ್ಗಿತೆಂದು ಕೆಲವು ಪ್ರಯೋಗಗಳು ತೋರಿಸಿವೆ. ಆದರೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಂಥದೊಂದು ಪ್ರಯೋಗದಲ್ಲಿದ್ದವರು ಹತ್ತೇ ಮಂದಿ. ನಾವು ಇದನ್ನು ಸಾಲದ ಪುರಾವೆಯೆಂದೇ ಎಣಿಸುತ್ತೇವೆ. ನುಂಗಿದ ಪುಡಿಯಲ್ಲಿ ಐದನೆಯ ಒಂದು ಪಾಲೂ ರಕ್ತವನ್ನು ಸೇರುವುದಿಲ್ಲ. ಉಳಿದುದನ್ನು ಕರುಳಿನ ಬ್ಯಾಕ್ಟೀರಿಯಗಳು ಒಡೆಯುತ್ತವೆ. ಅದರಿಂದ ಹುಟ್ಟುವ ವಸ್ತುವೊಂದು ಯಕೃತ್ತಿನಲ್ಲಿ ಮಾರ್ಪಟ್ಟು ರಕ್ತವನ್ನು ಸೇರುತ್ತದೆ. ಹೃದ್ರೋಗಕ್ಕೂ ಇದಕ್ಕೂ ನಂಟಿರಬಹುದೆಂದು 2013ರಿಂದೀಚೆಗೆ ಸಂಶೋಧಕರು ಶಂಕಿಸಿದ್ದಾರೆ.

ಒಂದು ಸಂಗತಿ ಉಳಿದಿದೆ. ಅದೇ ಓಟವನ್ನು ಒಂದೆರಡು ವಾರದ ಮೇಲೆ ಮತ್ತೆ ಓಡಿದರೆ ನೋವು ಬಹಳ ಕಡಿಮೆಯಾಗುತ್ತದೆ. ಒಮ್ಮೆ ನೊಂದು ಮಾಗಿದ ಸ್ನಾಯು ಅದೇ ಶ್ರಮವನ್ನು ತಾಳಬಲ್ಲುದಾಗುತ್ತದೆ. ಆ ನಡುವೆ ಪುಡಿಯನ್ನು ನುಂಗಿದವನು ಗುಣವನ್ನೆಲ್ಲ ಡಬ್ಬಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ.