ಕತ್ತಿನ ನಾಳಕ್ಕೆ ಕೊಳವೆ: ಮನೆಯವರು ತಿಳಿದಿರಬೇಕಾದುದು

ಬದನಗುಪ್ಪೆಯಂಥ ಊರಿನಿಂದ ರೋಗಿಯನ್ನು ಚಾಮರಾಜನಗರಕ್ಕೋ ಮೈಸೂರಿಗೋ ಕರೆದೊಯ್ದಾಗ, "ತುರ್ತಾಗಿ ಡಯಾಲಿಸಿಸ್ ಆಗಬೇಕು, ಕತ್ತಿಗೆ ಕೊಳವೆ ಹಾಕುತ್ತೇವೆ, ಸಹಿ ಮಾಡಿ" ಎಂದು ವೈದ್ಯರು ಹೇಳುವುದುಂಟು. ಕತ್ತು ಎಂದೊಡನೆ ಮನೆಯವರಿಗೆ ಗಾಬರಿ. ಒಳಗೆ ಏನಿದೆ ಎಂದು ತಿಳಿದರೆ ಭಯ ಕಡಿಮೆಯಾಗುತ್ತದೆ, ಕೇಳಬೇಕಾದ್ದನ್ನು ಕೇಳಲೂ ಬರುತ್ತದೆ.

ಡಯಾಲಿಸಿಸ್‌ಗೆ ಬೇಕಾದ ರಕ್ತದ ಹರಿವನ್ನು ಕೈಯ ಸಣ್ಣ ಅಭಿಧಮನಿಗಳು ಕೊಡಲಾರವು. ಆದ್ದರಿಂದ ಹೃದಯಕ್ಕೆ ಹತ್ತಿರದ ದೊಡ್ಡ ಅಭಿಧಮನಿಗೆ ಕೊಳವೆ ಹಾಕುತ್ತಾರೆ. ಸೂಜಿ, ಅದರೊಳಗೆ ತಂತಿ, ತಂತಿಯ ಮೇಲೆ ಕೊಳವೆ ಎಂಬ ಈ ಕ್ರಮವನ್ನು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದರು. ಬಲ ಹೃದಯದ ರಕ್ತ ಶ್ವಾಸಕೋಶದ ಮೂಲಕವೇ ಎಡಕ್ಕೆ ಹೋಗುತ್ತದೆಂದು 13ನೇ ಶತಮಾನದಲ್ಲೇ ಬರೆದವರು ಇಬ್ನ್ ನಫೀಸ್. ಕೊಳವೆಯ ತುದಿ ನಿಲ್ಲುವುದು ಆ ಬಲ ಹೃದಯದ ಬಾಗಿಲಲ್ಲೇ.

ಕತ್ತಿನ ಪಕ್ಕದ ಉದ್ದ ಸ್ನಾಯು ಕೆಳಗೆ ಎರಡು ಕವಲಾಗಿ, ಕಾಲರ್ ಬೋನ್ ಜೊತೆ ಪುಟ್ಟ ತ್ರಿಕೋನವಾಗುತ್ತದೆ. ಅದರ ಹಿಂದೆ ಅಭಿಧಮನಿ, ಅದರ ಒಳಬದಿಗೆ ಮೆದುಳಿಗೆ ರಕ್ತ ಒಯ್ಯುವ ಅಪಧಮನಿ, ಕೆಳಗೆ ಶ್ವಾಸಕೋಶದ ತುದಿ. ಬಲಬದಿಯ ನಾಳ ಹೃದಯಕ್ಕೆ ನೇರವಾಗಿ ಇಳಿಯುವುದರಿಂದ ಸಾಮಾನ್ಯವಾಗಿ ಅದನ್ನೇ ಆರಿಸುತ್ತಾರೆ. ತಲೆಯನ್ನು ತುಸು ತಗ್ಗಿಸಿದರೆ ನಾಳ ತುಂಬಿಕೊಳ್ಳುತ್ತದೆ, ಒಳಗೆ ಗಾಳಿ ಹೋಗುವ ಅಪಾಯವೂ ಕಡಿಮೆ. ತಲೆಯನ್ನು ಅತಿಯಾಗಿ ತಿರುಗಿಸಿದರೆ ಮಾತ್ರ ಅಭಿಧಮನಿ ಅಪಧಮನಿಯ ಮೇಲೆ ಬರಬಹುದು. ಅಲ್ಟ್ರಾಸೌಂಡ್‌ನಲ್ಲಿ ಒತ್ತಿದರೆ ಅಭಿಧಮನಿ ಚಪ್ಪಟೆಯಾಗುತ್ತದೆ, ಅಪಧಮನಿ ಮಿಡಿಯುತ್ತಲೇ ಇರುತ್ತದೆ. ಹಾಗಾಗಿ "ಅಲ್ಟ್ರಾಸೌಂಡ್ ನೋಡಿ ಹಾಕುತ್ತೀರಾ? ಆಮೇಲೆ ಎದೆಯ ಎಕ್ಸ್‌ರೇ ತೆಗೆಯುತ್ತೀರಾ?" ಎಂದು ಸಂಕೋಚವಿಲ್ಲದೆ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಮಹಿಳೆಯರಿಗೆ ಕತ್ತಿನ ಭಾಗವಷ್ಟೇ ತೆರೆದಿದ್ದರೆ ಸಾಕು, ಉಳಿದದ್ದನ್ನು ಮುಚ್ಚುವಂತೆ, ಜೊತೆಗೆ ಮಹಿಳಾ ಸಿಬ್ಬಂದಿ ಇರುವಂತೆ ಕೇಳಿಕೊಳ್ಳಬಹುದು.

ಕೊಳವೆಯೊಂದಿಗೆ ಮನೆಗೆ ಬಂದರೆ ಪಟ್ಟಿ ಒದ್ದೆಯಾಗಬಾರದು. ವುಝೂ ಮಾಡುವಾಗ ಮುಖದ ನೀರು ಕತ್ತಿಗಿಳಿಯದಂತೆ ನೋಡಿಕೊಳ್ಳಿ. ಸ್ನಾನ ಕಡ್ಡಾಯವಾದಾಗ ಗಾಯದ ಪಟ್ಟಿಗೆ ಶರೀಅತ್‌ನಲ್ಲಿ ರಿಯಾಯಿತಿ ಇದೆ, ವಿವರವನ್ನು ಆಲಿಮರಲ್ಲಿ ಕೇಳಿ ತಿಳಿಯಿರಿ. ಕೈ ತೊಳೆಯದೆ ಯಾರೂ ಪಟ್ಟಿ ಮುಟ್ಟಬಾರದು. ಕೊಳವೆಯ ಮುಚ್ಚಳವನ್ನು ಮನೆಯಲ್ಲಿ ತೆರೆಯಲೇಬಾರದು.

ಚಳಿ ಜ್ವರ, ಕೀವು, ಉಸಿರಾಟದ ತೊಂದರೆ ಕಂಡರೆ ಮುಂದಿನ ಡಯಾಲಿಸಿಸ್ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಕೊಳವೆ ಜಾರಿ ಹೊರಬಂದರೆ ರೋಗಿಯನ್ನು ಮಲಗಿಸಿ, ಶುದ್ಧ ಬಟ್ಟೆಯಿಂದ ಆ ಜಾಗವನ್ನು ಬಿಗಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ.