ತಿಗರಿಯ ಮುಂದೆ ಮಕ್ಕಳು

ಕಾಯಕವನ್ನು ಕುರಿತು ಮನೆಯಲ್ಲಿ ಎಷ್ಟು ಮಾತನಾಡಿದರೂ, ಕೈಗೆ ಕೆಲಸದ ಅನುಭವವಾಗದ ಹೊರತು ಆ ಮಾತು ಮಗುವಿನ ಕಿವಿಯಲ್ಲಿಯೇ ನಿಂತುಬಿಡುವುದು. ಪಟ್ಟಣದ ಮಗುವು ತಾನು ಉಣ್ಣುವ ಅನ್ನವನ್ನು ಬೆಳೆದವರನ್ನಾಗಲಿ, ತಾನು ಉಡುವ ಬಟ್ಟೆಯನ್ನು ನೇಯ್ದವರನ್ನಾಗಲಿ ಕಾಣದೆ ದೊಡ್ಡದಾಗುತ್ತಿದೆ. ಆದುದರಿಂದ ವಸ್ತುಸಂಗ್ರಹಾಲಯಗಳು ಮಕ್ಕಳಿಗೂ ತಾಯಿತಂದೆಗಳಿಗೂ ಒಟ್ಟಾಗಿ ಏರ್ಪಡಿಸುವ ಕುಂಬಾರಿಕೆಯ ಶಿಬಿರಗಳು ಗೃಹಸ್ಥರು ಲಕ್ಷ್ಯವಿಡತಕ್ಕ ವಿಷಯವಾಗಿವೆ. 1977ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾಗಿ 1979ರಲ್ಲಿ ಭೋಪಾಲಕ್ಕೆ ಬಂದ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯವು, ಮಾಡಿ ಕಲಿಯುವ ಇಂಥ ಶಿಬಿರಗಳಲ್ಲಿ ಪರಂಪರೆಯ ಕುಶಲಕರ್ಮಿಗಳನ್ನೇ ಗುರುಗಳ ಸ್ಥಾನದಲ್ಲಿ ಕೂರಿಸುತ್ತದೆ. ಮೈಸೂರಿನಲ್ಲಿಯೂ ಅದರ ಕೇಂದ್ರವಿದೆ.

ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರುವ ಒಡೆದ ಮಡಕೆಯು ಮಗುವಿನ ಕಣ್ಣಿಗೆ ಬರಿಯ ಬೋಕಿ. ಅದೇ ಮಗು ಮಣ್ಣನ್ನು ಮಿದಿದು ಬಂದು ನೋಡಿದರೆ ಆ ಬೋಕಿಯು ಮಾತನಾಡತೊಡಗುವುದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ನಡೆಸಿದ ಉತ್ಖನನದಲ್ಲಿ ಬೃಹತ್‌ಶಿಲಾಯುಗದ ಕಪ್ಪು-ಕೆಂಪು ಮಡಕೆಗಳು ದೊರೆತವು. ಒಂದೇ ಮಡಕೆಗೆ ಎರಡು ಬಣ್ಣ ಬಂದುದು ಹೇಗೆ? ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿ ಸೋಕಿದ ಹೊರಮೈಯಲ್ಲಿ ಮಣ್ಣಿನೊಳಗಿನ ಕಬ್ಬಿಣದ ಅಂಶವು ಕೆಂಪಾಯಿತು. ಗಾಳಿಯಾಡದ ಒಳಭಾಗವೂ ಬಾಯಂಚೂ ಕಪ್ಪಾದವು ಎಂದು ವಿದ್ವಾಂಸರು ವಿವರಿಸುತ್ತಾರೆ. ಬೆಂಕಿಯ ಗುಣವನ್ನು ಅಷ್ಟು ಸೂಕ್ಷ್ಮವಾಗಿ ಬಲ್ಲ ಕೈಗಳು ಈ ನಾಡಿನಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಇದ್ದವು.

ಕುಂಬಾರನ ಕೆಲಸವು ತಿಗರಿಯಿಂದ ಆರಂಭವಾಗುವುದಿಲ್ಲ. ಕೆರೆಯ ಜೇಡಿಯನ್ನು ತಂದು, ಕಲ್ಲು ಬೇರುಗಳನ್ನು ಆಯ್ದು, ನೆನೆಯಿಟ್ಟು, ಬೇಕಾದಷ್ಟು ಮರಳನ್ನೋ ಬೂದಿಯನ್ನೋ ಬೆರೆಸಿ, ಒಳಗಿನ ಗಾಳಿ ಹೋಗುವಂತೆ ತುಳಿದು ಹದಗೊಳಿಸಬೇಕು. ತಿಗರಿಯ ನಡುವೆ ಮುದ್ದೆಯು ಸರಿಯಾಗಿ ನಿಲ್ಲದಿದ್ದರೆ ಎಷ್ಟು ಒತ್ತಿದರೂ ಗೋಡೆ ಸಮನಾಗಿ ಏಳದು. ಆಮೇಲೆ ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಹಸಿಯಿರುವಾಗಲೇ ಆವಿಗೆಗೆ ಹಾಕಿದರೆ ಒಳಗಿನ ನೀರು ಉಗಿಯಾಗಿ ಮಡಕೆಯನ್ನು ಸೀಳುವುದು. ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮಣ್ಣಿನ ಕಣಗಳೊಡನೆ ಕೂಡಿಕೊಂಡಿರುವ ನೀರೂ ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಅದು ಮತ್ತೆ ಕೆಸರಾಗದು. ಸುಡದ ಮಡಕೆ ನೋಡಲು ಎಷ್ಟೇ ಸುಂದರವಾಗಿದ್ದರೂ ನೀರು ತುಂಬಿದೊಡನೆ ಕರಗಿಹೋಗುವುದು. ಬೆಂಕಿಯನ್ನು ಹಾಯದ ವಿದ್ಯೆಯೂ ಹಾಗೆಯೇ ಎಂಬುದನ್ನು ಹಿರಿಯರು ಬೇರೆ ಹೇಳಬೇಕಾಗಿಲ್ಲ.

ಇಂಥ ಶಿಬಿರದಲ್ಲಿ ಮಕ್ಕಳಿಗಿಂತ ತಾಯಿತಂದೆಗಳಿಗೇ ಪರೀಕ್ಷೆ ಹೆಚ್ಚು. ಮಗು ಮಾಡಿದ ಹಣತೆಯು ಓರೆಯಾದೊಡನೆ ಅದನ್ನು ಕಸಿದುಕೊಂಡು ತಿದ್ದುವ ಆತುರ ಅವರಿಗೆ ಉಂಟಾಗುತ್ತದೆ. ತಿದ್ದಿದ ಹಣತೆ ಚೆಂದವಾದೀತು. ಆದರೆ ಅದು ಮಗುವಿನದಾಗದು. ನೆರೆಯ ಮಗುವಿನ ಕುಡಿಕೆಯೊಡನೆ ಹೋಲಿಸಿ ಹಳಿದರಂತೂ ಆ ಮಗು ಮಣ್ಣಿನಿಂದ ಮಾತ್ರವಲ್ಲ, ದುಡಿಮೆಯಿಂದಲೇ ಕೈ ಹಿಂತೆಗೆಯುವುದು. ಕುಂಬಾರನು ಹಸಿಮಡಕೆಯನ್ನು ತಟ್ಟುವಾಗ ಒಳಗೊಂದು ಕೈ ಆಸರೆಯಾಗಿರುತ್ತದೆ. ಆ ಆಸರೆಯಿಲ್ಲದೆ ಹೊರಗಿನಿಂದ ಬಡಿದರೆ ಮಡಕೆ ಕುಸಿಯುವುದು. ಮಕ್ಕಳನ್ನು ತಿದ್ದುವವರು ಇದನ್ನು ನೆನೆಯುವುದು ಒಳಿತು.

ಒಂದು ದಿನ ಮಣ್ಣು ಮುಟ್ಟಿದ ಮಾತ್ರಕ್ಕೆ ಕಾಯಕವು ತಿಳಿದೀತೇ ಎಂದು ಕೆಲವರು ಕೇಳಬಹುದು. ತಿಳಿಯದು. ಆದರೆ ಅದು ಎಷ್ಟು ಕಠಿನವೆಂಬುದು ತಿಳಿಯುತ್ತದೆ. ಗೌರವವು ಹುಟ್ಟುವುದು ಆ ತಿಳಿವಿನಿಂದ. ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಪಾತ್ರೆಗಳು ಬಂದ ಮೇಲೆ ಕುಂಬಾರರ ಎಷ್ಟೋ ಮನೆಗಳಲ್ಲಿ ತಿಗರಿ ನಿಂತಿದೆ. ಪಟ್ಟಣದ ಮಗುವಿಗೆ ವಿನೋದವಾದ ಕೆಲಸವನ್ನು ಕುಂಬಾರನ ಮಗನು ಹೊಟ್ಟೆ ತುಂಬದೆಂದು ತೊರೆಯುತ್ತಿದ್ದಾನೆ. ಶಿಬಿರದಲ್ಲಿ ಕಲಿಸಿದವನ ಹೆಸರನ್ನೂ ಕೇಳದೆ ಚಿತ್ರ ತೆಗೆಸಿಕೊಂಡು ಹಿಂದಿರುಗಿದರೆ ಅದು ಬರಿಯ ತಮಾಷೆಯಾದೀತು.

ಶರಣರ ಸಂಪ್ರದಾಯದಲ್ಲಿ ಈ ಮಾತಿಗೆ ತೂಕವಿದೆ. ಭಾಲ್ಕಿಯ ಕುಂಬಾರ ಗುಂಡಯ್ಯನವರನ್ನು ಕುರಿತು ಹರಿಹರ ಕವಿಯು ರಗಳೆಯನ್ನೇ ರಚಿಸಿದನು. ಗುಂಡಯ್ಯನವರು ಮಡಕೆಯನ್ನು ಬಾರಿಸುತ್ತ ಕುಣಿದಾಗ ಶಿವನೇ ಇಳಿದುಬಂದು ಕುಣಿದನೆಂದು ಆ ಕಥೆ ಹೇಳುತ್ತದೆ. ಅವರ ಧರ್ಮಪತ್ನಿ ಕೇತಲದೇವಿಯವರು ವಚನಕಾರ್ತಿಯರ ಸಾಲಿಗೆ ಸೇರಿದವರು. ಶಿವನು ಬಂದುದು ಮಡಕೆಯನ್ನು ಬದಿಗಿಟ್ಟ ಮೇಲಲ್ಲ, ಮಡಕೆಯ ನಾದಕ್ಕೇ. ಈ ಕಥೆಗೆ ಕೈಮುಗಿದು, ಸಂತೆಯಲ್ಲಿ ಕುಂಬಾರತಿಯೊಡನೆ ಎರಡು ಕಾಸಿಗೆ ಚೌಕಾಸಿ ಮಾಡುವ ಮನೆಯಲ್ಲಿ ಮಕ್ಕಳು ಕಲಿಯುವುದು ಕೈಮುಗಿದುದನ್ನಲ್ಲ, ಚೌಕಾಸಿಯನ್ನೇ.

ಆದುದರಿಂದ ಮಕ್ಕಳೊಡನೆ ಇಂಥ ಶಿಬಿರಕ್ಕೆ ಹೋಗುವ ಗೃಹಸ್ಥರು ತಾವೂ ನೆಲದಲ್ಲಿ ಕುಳಿತು ಮಣ್ಣು ಮಿದಿಯಬೇಕು. ಕಲಿಸಿದ ಕುಂಬಾರನಿಗೆ ಮಕ್ಕಳಿಂದ ಶರಣು ಹೇಳಿಸಬೇಕು. ಮನೆಗೆ ಒಂದು ಮಣ್ಣಿನ ಹರವಿಯನ್ನು ಕೇಳಿದ ಬೆಲೆ ಕೊಟ್ಟು ತರಬೇಕು. ಅದರ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆರುತ್ತಾ ಒಳಗಿನ ನೀರನ್ನು ತಂಪಾಗಿಸುವ ಬಗೆಯನ್ನು ಮಗುವಿಗೆ ತೋರಿಸಬೇಕು. ಮಗು ಮಾಡಿದ ಓರೆ ಹಣತೆಯು ಸುಟ್ಟು ಬಂದ ದಿನ ಅದರಲ್ಲಿಯೇ ಎಣ್ಣೆ ಬತ್ತಿ ಹಾಕಿ ದೀಪ ಬೆಳಗಲಿ. ಹಣತೆ ಓರೆಯಾದರೇನು? ಬೆಳಕು ಓರೆಯಾಗದು.