ಜೀರ್ಣವಾಹನದ ನವೀಕರಣ: ಮಲೆನಾಡಿನ ಜೀಪು ಕಲಿಸುವ ಪಾಠ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಜನಜೀವನವನ್ನು ಬಲ್ಲವರಿಗೆ ಜೀಪೆಂಬ ವಾಹನದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ ಆವಶ್ಯಕತೆಯಿಲ್ಲ. ಬಾಳಗಡಿಯಂತಹ ಊರಿನಲ್ಲಿ ಡಾಂಬರು ರಸ್ತೆಯನ್ನು ಬಿಟ್ಟು ತೋಟದ ದಾರಿಗೆ ಇಳಿದೊಡನೆ ಏರು, ಇಳಿಜಾರು, ಕೆಸರು, ಹಳ್ಳ ಇವುಗಳೇ ಎದುರಾಗುತ್ತವೆ. ಅಂತಹ ದಾರಿಯಲ್ಲಿ ಗೊಬ್ಬರದ ಮೂಟೆಯನ್ನೂ ಅಡಕೆಯ ಚೀಲವನ್ನೂ ಹೊತ್ತು, ರೋಗಿಯನ್ನು ಆಸ್ಪತ್ರೆಗೂ ಮಕ್ಕಳನ್ನು ಶಾಲೆಗೂ ತಲುಪಿಸಿದ ಕೀರ್ತಿ ಈ ವಾಹನಕ್ಕೆ ಸಲ್ಲುತ್ತದೆ. ಅನೇಕ ಮನೆಗಳಲ್ಲಿ ತಂದೆ ಕೊಂಡ ಜೀಪನ್ನು ಮಗ ನಡೆಸಿ, ಈಗ ಮೊಮ್ಮಗನು ಅದರ ಭವಿಷ್ಯವನ್ನು ನಿರ್ಧರಿಸಬೇಕಾದ ಕಾಲ ಬಂದಿದೆ. ಅದನ್ನು ಗುಜರಿಗೆ ಹಾಕಬೇಕೆ, ಇದ್ದಂತೆಯೇ ಉಳಿಸಬೇಕೆ, ಅಥವಾ ಹೊಸ ಭಾಗಗಳನ್ನು ಜೋಡಿಸಿ ದುಡಿಸಬೇಕೆ? ಈ ಪ್ರಶ್ನೆ ಕೇವಲ ಹಣಕ್ಕೆ ಸಂಬಂಧಿಸಿದುದಲ್ಲ. ಪ್ರಯಾಣಿಕರ ಪ್ರಾಣಕ್ಕೂ, ಒಂದು ವಸ್ತುವಿನ ಸ್ವರೂಪಜ್ಞಾನಕ್ಕೂ ಸಂಬಂಧಿಸಿದುದು. ಆದಕಾರಣ ಇದು ಶಾಲೆಯ ಪಾಠಕ್ಕೂ ಯೋಗ್ಯವಾದ ವಿಷಯವೆನ್ನಬಹುದು.

ವಾಹನದ ಪೂರ್ವೇತಿಹಾಸ

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೈನ್ಯವು ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಹಗುರವಾದ ವಾಹನವೊಂದನ್ನು ಬಯಸಿತು. ಬ್ಯಾಂಟಂ ಕಂಪನಿಯು ಮೊದಲ ಮಾದರಿಯನ್ನು ನಿರ್ಮಿಸಿಕೊಟ್ಟಿತು; ಬಳಿಕ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಅಧಿಕ ಜೀಪುಗಳನ್ನು ತಯಾರಿಸಿದವು. ಅದರ ಎಂಜಿನ್ ಸುಮಾರು 2.2 ಲೀಟರಿನದು, ನಾಲ್ಕು ಸಿಲಿಂಡರಿನದು, 60 ಅಶ್ವಶಕ್ತಿಯದು. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರ 80 ಅಂಗುಲ. 1945ರಲ್ಲಿ ನಾಗರಿಕರ ಉಪಯೋಗಕ್ಕಾಗಿ ಸಿಜೆ-2ಎ ಎಂಬ ಮಾದರಿಯೂ, 1953ರಲ್ಲಿ ಎತ್ತರವಾದ ಬಾನೆಟ್ಟಿನ ಸಿಜೆ-3ಬಿ ಎಂಬ ಮಾದರಿಯೂ ಹೊರಬಂದವು. ಭಾರತದಲ್ಲಿ ಮಹೀಂದ್ರ ಕಂಪನಿಯು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಕೈಗೊಂಡು, ಮುಂದೆ ಪರವಾನಗಿಯ ಮೇರೆಗೆ ಅವನ್ನು ಇಲ್ಲಿಯೇ ತಯಾರಿಸತೊಡಗಿತು. 1980ರ ದಶಕದಲ್ಲಿ ಪ್ಯೂಜೋ ವಿನ್ಯಾಸದ ಸುಮಾರು 2.1 ಲೀಟರಿನ ಡೀಸಲ್ ಎಂಜಿನ್ ಇದೇ ಕಂಪನಿಯ ಜೀಪುಗಳಿಗೆ ಬಂದಿತು. ಹಳೆಯ ಪೆಟ್ರೋಲ್ ಜೀಪುಗಳಿಗೆ ಡೀಸಲ್ ಎಂಜಿನ್ ಕೂರಿಸುವ ವಾಡಿಕೆ ಬೆಳೆದುದಕ್ಕೆ ಇಂಧನದ ಬೆಲೆಯಲ್ಲಿದ್ದ ಅಂತರವೂ ಭಾಗಗಳ ಲಭ್ಯತೆಯೂ ಕಾರಣಗಳು.

ಲೋಪ, ಆಗಮ, ಆದೇಶ

ಹಳೆಯ ಯಂತ್ರದಲ್ಲಿ ಮಾಡಬಹುದಾದ ಬದಲಾವಣೆಗಳು ಎಷ್ಟು ವಿಧ ಎಂದು ವಿಚಾರಿಸಿದರೆ, ಕನ್ನಡ ವ್ಯಾಕರಣದ ಸಂಧಿಪ್ರಕರಣವನ್ನು ಓದಿದ ವಿದ್ಯಾರ್ಥಿಗೆ ಉತ್ತರ ಸುಲಭವಾಗಿ ದೊರೆಯುತ್ತದೆ. ‘ಊರು’ ಎಂಬುದಕ್ಕೆ ‘ಅನ್ನು’ ಸೇರಿದಾಗ ಉಕಾರವು ಬಿಟ್ಟುಹೋಗಿ ‘ಊರನ್ನು’ ಎಂದಾಗುವುದು ಲೋಪ. ‘ಮನೆ’ಗೆ ‘ಅನ್ನು’ ಸೇರಿದಾಗ ಯಕಾರವು ಹೊಸದಾಗಿ ಬಂದು ‘ಮನೆಯನ್ನು’ ಎಂದಾಗುವುದು ಆಗಮ. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ವಾದಾಗ ಕಕಾರದ ಸ್ಥಾನದಲ್ಲಿ ಗಕಾರವು ಬರುವುದು ಆದೇಶ. ಯಂತ್ರದಲ್ಲಿಯೂ ಹೀಗೆಯೇ ಕೆಲವು ಭಾಗಗಳು ತೊಲಗುತ್ತವೆ, ಕೆಲವು ಹೊಸದಾಗಿ ಸೇರುತ್ತವೆ, ಕೆಲವು ಹಳೆಯದರ ಸ್ಥಾನದಲ್ಲಿ ಬಂದು ನಿಲ್ಲುತ್ತವೆ.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಕಕಾರಕ್ಕೆ ಆದೇಶವಾಗಿ ಗಕಾರವೇ ಬರುತ್ತದೆಯೇ ಹೊರತು ಡಕಾರವಾಗಲಿ ಬಕಾರವಾಗಲಿ ಬರುವುದಿಲ್ಲ. ಕಕಾರ ಗಕಾರಗಳೆರಡಕ್ಕೂ ಉತ್ಪತ್ತಿಸ್ಥಾನ ಕಂಠವೇ ಆಗಿರುವುದು ಇದಕ್ಕೆ ಕಾರಣ. ಅಂದರೆ ಬರುವುದು ಹೊಸದಾದರೂ ಹೋದುದಕ್ಕೆ ಸಮೀಪವರ್ತಿಯಾಗಿರಬೇಕು. ಇನ್ನೊಂದು ಸಂಗತಿಯೂ ಅಷ್ಟೇ ಮುಖ್ಯವಾದುದು: ಸಂಧಿಯು ನೆರೆಯ ಅಕ್ಷರಗಳ ಸಂಬಂಧದಿಂದ ನಡೆಯುವ ಕಾರ್ಯ, ಒಂಟಿಯಾಗಿ ನಿಂತ ಅಕ್ಷರಕ್ಕೆ ಸಂಧಿಯಿಲ್ಲ. ಯಂತ್ರದ ಯಾವ ಭಾಗವನ್ನೂ ನೆರೆಯ ಭಾಗಗಳನ್ನು ಮರೆತು ಬದಲಿಸಲಾಗದು ಎಂಬ ನಿಯಮವು ಇದರಿಂದ ಸ್ಪಷ್ಟವಾಗುತ್ತದೆ. ಕೆಳಗಿನ ಉದಾಹರಣೆಗಳು ಇದನ್ನೇ ಸಮರ್ಥಿಸುತ್ತವೆ.

ವಿದ್ಯುತ್ತಿನ ವ್ಯವಸ್ಥೆ

ಯುದ್ಧಕಾಲದ ಮತ್ತು ಆರಂಭದ ನಾಗರಿಕ ಜೀಪುಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. 60 ವ್ಯಾಟಿನ ದೀಪವು 6 ವೋಲ್ಟಿನಲ್ಲಿ 10 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. 12 ವೋಲ್ಟಿನಲ್ಲಿ 5 ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿಯು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ, ಅದೇ ತಂತಿಯಲ್ಲಿ ಆ ನಷ್ಟವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಳೆಯ ಜೀಪಿನ ಹೆಡ್‌ಲೈಟು ಮಂಜಿನಲ್ಲಿ ಮಂಕಾಗಿ ಕಾಣುತ್ತಿದ್ದುದಕ್ಕೆ ತುಕ್ಕು ಹಿಡಿದ ಜೋಡಣೆಗಳೊಡನೆ ಇದೂ ಒಂದು ಕಾರಣ.

ಆದರೆ 12 ವೋಲ್ಟಿನ ಬ್ಯಾಟರಿಯನ್ನು ತಂದು ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 6 ವೋಲ್ಟಿನ ಬಲ್ಬುಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತವೆ. ಇಗ್ನಿಷನ್ ಕಾಯಿಲ್, ಹಾರನ್, ಡೈನಮೊ, ರೆಗ್ಯುಲೇಟರ್ ಎಲ್ಲವನ್ನೂ ಅದಕ್ಕೆ ಹೊಂದುವಂತೆ ಬದಲಿಸಬೇಕು. ಡೈನಮೊದ ಸ್ಥಾನದಲ್ಲಿ ಆಲ್ಟರ್ನೇಟರ್ ಬಂದರೆ ಎಂಜಿನ್ ನಿಧಾನವಾಗಿ ತಿರುಗುವಾಗಲೂ ಬ್ಯಾಟರಿಗೆ ಚಾರ್ಜು ದೊರೆಯುತ್ತದೆ. ಮಳೆಗಾಲದ ಸಂಜೆ ದೀಪವನ್ನು ಉರಿಸಿಕೊಂಡು ಮೆಲ್ಲಗೆ ಸಾಗುವ ವಾಹನಕ್ಕೆ ಇದು ದೊಡ್ಡ ಉಪಕಾರ.

ಗಾಜನ್ನು ಒರೆಸುವ ವೈಪರಿನ ವಿಚಾರವೂ ಸ್ವಾರಸ್ಯಕರವಾದುದು. ಹಳೆಯ ನಾಗರಿಕ ಜೀಪುಗಳ ವೈಪರು ಎಂಜಿನ್ನಿನ ಒಳಸೆಳೆತದಿಂದ, ಅಂದರೆ ನಿರ್ವಾತದಿಂದ, ಆಡುತ್ತಿತ್ತು. ಏರನ್ನು ಹತ್ತುವಾಗ ಆಕ್ಸಿಲರೇಟರನ್ನು ಪೂರ್ಣವಾಗಿ ಒತ್ತಿದರೆ ಆ ನಿರ್ವಾತ ಕುಗ್ಗಿ ವೈಪರು ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇಬಿಡುತ್ತದೆ. ಹದಿನಾಲ್ಕು ಕಡಿದಾದ ತಿರುವುಗಳುಳ್ಳ ಆಗುಂಬೆ ಘಾಟಿಯನ್ನು ಆಷಾಢದ ಮಳೆಯಲ್ಲಿ ಹತ್ತುವವನಿಗೆ ಯಾವಾಗ ದಾರಿ ಕಾಣಬೇಕೋ ಆಗಲೇ ಗಾಜು ಮಸುಕಾಗುತ್ತದೆಯೆಂದರೆ ಅದರ ಅಪಾಯವನ್ನು ಊಹಿಸಬಹುದು. ವಿದ್ಯುತ್ತಿನಿಂದ ಆಡುವ ವೈಪರಿಗೆ ಈ ದೋಷವಿಲ್ಲ.

ಎಂಜಿನ್ನಿನ ಬದಲಾವಣೆ

ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಡೀಸಲ್ ಎಂಜಿನ್ನನ್ನು ಕೂರಿಸುವುದರಲ್ಲಿ ಲೋಪ, ಆಗಮ, ಆದೇಶಗಳು ಮೂರೂ ಒಟ್ಟಿಗೆ ನಡೆಯುತ್ತವೆ. ಡೀಸಲ್ ಎಂಜಿನ್ನಿನಲ್ಲಿ ಒತ್ತಲ್ಪಟ್ಟ ಗಾಳಿಯ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುವುದರಿಂದ ಸ್ಪಾರ್ಕ್ ಪ್ಲಗ್ಗು, ಡಿಸ್ಟ್ರಿಬ್ಯೂಟರ್, ಕಾಯಿಲ್‌ಗಳು ಲೋಪವಾಗುತ್ತವೆ. ಪಂಪಿಗೆ ಹೋಗಿ ಮಿಕ್ಕ ಇಂಧನವನ್ನು ಟ್ಯಾಂಕಿಗೆ ಮರಳಿಸುವ ಕೊಳವೆಯೊಂದು ಆಗಮವಾಗುತ್ತದೆ. ಪೆಟ್ರೋಲ್ ಎಂಜಿನ್ನು ಕಿಡಿಯನ್ನು ತಡೆದರೆ ನಿಲ್ಲುವಂತಹುದು. ಡೀಸಲ್ ಎಂಜಿನ್ನನ್ನು ನಿಲ್ಲಿಸಲು ಇಂಧನವನ್ನೇ ತಡೆಯಬೇಕಾದುದರಿಂದ ಅದಕ್ಕೂ ಪ್ರತ್ಯೇಕ ಏರ್ಪಾಡು ಬೇಕು. ಹೆಚ್ಚಿನ ಒತ್ತಡದ ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡಲು ಬಲವಾದ ಬ್ಯಾಟರಿಯೂ ಸೆಲ್ಫ್ ಮೋಟಾರೂ ಬೇಕು.

ಕಣ್ಣಿಗೆ ಬೀಳದ ಪರಿಣಾಮಗಳು ಇನ್ನೂ ಕೆಲವಿವೆ. ಸಾಮಾನ್ಯವಾಗಿ ಡೀಸಲ್ ಎಂಜಿನ್ನಿನ ಒಳಸೆಳೆತದ ದಾರಿಯಲ್ಲಿ ಗಾಳಿಯನ್ನು ತಡೆಯುವ ಬಾಗಿಲಿಲ್ಲವಾದುದರಿಂದ ಅಲ್ಲಿ ಸಾಕಷ್ಟು ನಿರ್ವಾತ ಉಂಟಾಗುವುದಿಲ್ಲ. ಹೀಗಾಗಿ ನಿರ್ವಾತದ ಬಲದಿಂದ ಬ್ರೇಕಿಗೆ ನೆರವಾಗುವ ಬೂಸ್ಟರನ್ನು ಜೋಡಿಸಿದ್ದರೆ ಅದಕ್ಕೆ ಬೇರೆಯೇ ಒಂದು ವ್ಯಾಕ್ಯೂಂ ಪಂಪು ಅಗತ್ಯ. ಭಾರ ಹೆಚ್ಚಾದರೆ ಮುಂದಿನ ಸ್ಪ್ರಿಂಗ್ ಪ್ಲೇಟುಗಳು ಬಗ್ಗುತ್ತವೆ. ಕಂಪನ ಹೆಚ್ಚಾದರೆ ಚಾಸಿಯ ಹಳೆಯ ಬೆಸುಗೆಗಳು ಬಿರಿಯುತ್ತವೆ. ರೇಡಿಯೇಟರು ಸಾಲದಿದ್ದರೆ ಏರಿನಲ್ಲಿ ನೀರು ಕುದಿಯುತ್ತದೆ. ಎಂಜಿನ್ ಒಂದನ್ನೇ ಬದಲಿಸಿದೆನೆಂದು ತಿಳಿದವನು ವಾಸ್ತವವಾಗಿ ಇಡೀ ವಾಹನವನ್ನೇ ಬದಲಿಸಿರುತ್ತಾನೆ.

ಓಡುವುದಕ್ಕಿಂತ ಮೊದಲು ನಿಲ್ಲುವುದು

ನವೀಕರಣದಲ್ಲಿ ಬಹುತೇಕರ ದೃಷ್ಟಿ ಮೊದಲು ಹರಿಯುವುದು ಎಂಜಿನ್ನಿನ ಕಡೆಗೆ. ಹರಿಯಬೇಕಾದುದು ಬ್ರೇಕಿನ ಕಡೆಗೆ. ಚಲಿಸುವ ವಸ್ತುವಿನ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 30 ಕಿಲೋಮೀಟರಿನ ವೇಗವನ್ನು 45ಕ್ಕೆ ಏರಿಸಿದರೆ ವೇಗ ಒಂದೂವರೆ ಪಟ್ಟಾಗುತ್ತದೆ, ಆದರೆ ಬ್ರೇಕು ಹೀರಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಯುದ್ಧಕಾಲದ ಜೀಪಿನ ಬ್ರೇಕ್ ಡ್ರಮ್ಮುಗಳು ಕೇವಲ 9 ಅಂಗುಲ ವ್ಯಾಸದವು. ಹಳ್ಳವನ್ನು ದಾಟುವಾಗ ಅವುಗಳೊಳಗೆ ನೀರು ಹೊಕ್ಕರೆ ಸ್ವಲ್ಪ ಹೊತ್ತು ಬ್ರೇಕು ಹಿಡಿಯುವುದಿಲ್ಲ. ಉದ್ದವಾದ ಇಳಿಜಾರಿನಲ್ಲಿ ಸತತವಾಗಿ ಒತ್ತಿದರೆ ಕಾದು ಹಿಡಿತ ಕುಗ್ಗುತ್ತದೆ. ಇದಲ್ಲದೆ ಹಳೆಯ ವ್ಯವಸ್ಥೆಯಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಎಣ್ಣೆಯ ಮಾರ್ಗವಿದ್ದುದರಿಂದ ಎಲ್ಲಿಯಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕು ನಷ್ಟವಾಗುತ್ತದೆ.

ಮಾರ್ಗವನ್ನು ಎರಡಾಗಿ ವಿಭಾಗಿಸಿದ ಮಾಸ್ಟರ್ ಸಿಲಿಂಡರನ್ನು ಜೋಡಿಸಿದರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕನ್ನು ಅಳವಡಿಸಿದರೆ ನೀರು ಬೇಗ ಆರುತ್ತದೆ, ಶಾಖ ಬೇಗ ಹೊರಹೋಗುತ್ತದೆ. ಆದರೆ ಡಿಸ್ಕಿಗೆ ಡ್ರಮ್ಮಿಗಿಂತ ಅಧಿಕವಾದ ಎಣ್ಣೆಯ ಒತ್ತಡ ಬೇಕಾದುದರಿಂದ ಹಳೆಯ ಮಾಸ್ಟರ್ ಸಿಲಿಂಡರಿಗೆ ಅದನ್ನು ಜೋಡಿಸಿದರೆ ಪ್ರಯೋಜನವಿಲ್ಲ. ಇಲ್ಲಿಯೂ ಸಂಧಿಯ ನಿಯಮವೇ ಪ್ರವರ್ತಿಸುತ್ತದೆ.

ಆಟಿಕೆಯಲ್ಲಿಯೂ ಅದೇ ನ್ಯಾಯ

ಈ ತತ್ತ್ವವನ್ನು ಶಾಲೆಯ ಮೇಜಿನ ಮೇಲೆಯೇ ತೋರಿಸಲು ಸಾಧ್ಯವಿದೆ. ಜಪಾನಿನ ತಮಿಯಾ ಕಂಪನಿಯು 1982ರಲ್ಲಿ ‘ವೈಲ್ಡ್ ವಿಲ್ಲಿ’ ಎಂಬ ಹೆಸರಿನಿಂದ ವಿಲ್ಲಿಸ್ ಜೀಪಿನದೇ ಒಂದು ಚಿಕ್ಕ ರೂಪವನ್ನು ಹೊರತಂದಿತು. ಅದು ರೇಡಿಯೊ ತರಂಗಗಳ ಮೂಲಕ ದೂರದಿಂದಲೇ ನಡೆಸಬಹುದಾದ ಆಟಿಕೆ. ಅದೇ ಕಾಲದ ಇಂತಹ ಆಟದ ಗಾಡಿಗಳನ್ನು ಹವ್ಯಾಸಿಗಳು ಈಗ ಹೊಸ ಭಾಗಗಳಿಂದ ಸಜ್ಜುಗೊಳಿಸುತ್ತಿದ್ದಾರೆ. ವೇಗವನ್ನು ತಗ್ಗಿಸಲು ವಿದ್ಯುತ್ತನ್ನು ಶಾಖವಾಗಿ ವ್ಯರ್ಥಗೊಳಿಸುತ್ತಿದ್ದ ಹಳೆಯ ನಿಯಂತ್ರಕದ ಬದಲು ಎಲೆಕ್ಟ್ರಾನಿಕ್ ನಿಯಂತ್ರಕ, ಪ್ಲಾಸ್ಟಿಕ್ ಬುಷ್‌ಗಳ ಬದಲು ಬಾಲ್ ಬೇರಿಂಗ್, 27 ಮೆಗಾಹರ್ಟ್ಸ್‌ನ ರೇಡಿಯೊಗೆ ಬದಲು 2.4 ಗಿಗಾಹರ್ಟ್ಸ್‌ನ ರೇಡಿಯೊ ಬಂದಿವೆ. ಹಿಂದೆ ಒಂದೇ ತರಂಗಸಂಖ್ಯೆಯ ಎರಡು ಗಾಡಿಗಳನ್ನು ಒಂದೇ ಅಂಗಳದಲ್ಲಿ ಓಡಿಸುವಂತಿರಲಿಲ್ಲ. ಈಗ ಆ ತೊಡಕಿಲ್ಲ.

ಬ್ಯಾಟರಿಯ ವಿಚಾರವು ವಿಶೇಷವಾಗಿ ಬೋಧಪ್ರದವಾಗಿದೆ. ಆರು ಕೋಶಗಳ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯದು 7.2 ವೋಲ್ಟ್, ಎರಡು ಕೋಶಗಳ ಲಿಥಿಯಂ ಬ್ಯಾಟರಿಯದು 7.4 ವೋಲ್ಟ್. ಸಂಖ್ಯೆಯಲ್ಲಿ ಎರಡೂ ಸಮೀಪವರ್ತಿಗಳೇ. ಆದರೆ ಲಿಥಿಯಂ ಕೋಶವು ಸುಮಾರು 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ. ಹಳೆಯ ನಿಯಂತ್ರಕಕ್ಕೆ ಅದನ್ನು ತಡೆಯುವ ಶಕ್ತಿಯಿಲ್ಲ. ಅಳತೆಯಲ್ಲಿ ಹೊಂದಿದುದೆಲ್ಲವೂ ಸ್ವಭಾವದಲ್ಲಿ ಹೊಂದುವುದಿಲ್ಲವೆಂಬುದಕ್ಕೆ ಇದು ನಿದರ್ಶನ. ಹಾಗೆಯೇ ಅತಿಬಲದ ಮೋಟಾರನ್ನು ಕೂರಿಸಿದರೆ ಹಳೆಯ ಗೇರುಗಳ ಹಲ್ಲು ಮುರಿಯುತ್ತದೆ. ಆಟಿಕೆಯಲ್ಲಿ ಮುರಿಯುವುದು ಹಲ್ಲು ಮಾತ್ರ, ಘಾಟಿಯಲ್ಲಿ ಹಾಗಲ್ಲ.

ಶಾಸನದ ಮರ್ಯಾದೆ

ಈ ವಿಷಯದಲ್ಲಿ ಶಾಸನವೂ ಎರಡು ಬೇರೆಬೇರೆ ದಾರಿಗಳನ್ನು ತೋರಿಸುತ್ತದೆ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ; ಎಂಜಿನ್ ಬದಲಿಸಲು ನೋಂದಣಿ ಪ್ರಾಧಿಕಾರದ ಒಪ್ಪಿಗೆ ಅವಶ್ಯ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಇನ್ನೊಂದೆಡೆ, 2021ರ ಜುಲೈನಲ್ಲಿ ಪ್ರಕಟವಾದ ಕೇಂದ್ರದ ನಿಯಮಗಳು ಮೊದಲ ನೋಂದಣಿಯಾಗಿ 50 ವರ್ಷಗಳನ್ನು ಮೀರಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿವೆ. ಆದರೆ ಚಾಸಿ, ಮೈಕಟ್ಟು, ಎಂಜಿನ್ ಇವು ಗಣನೀಯವಾಗಿ ಬದಲಾಗದೆ ಮೂಲರೂಪದಲ್ಲಿಯೇ ಇರಬೇಕು. ಪ್ರದರ್ಶನ, ರ‍್ಯಾಲಿ, ದುರಸ್ತಿ ಮೊದಲಾದವುಗಳಿಗೆ ಹೊರತು ನಿತ್ಯಸಂಚಾರಕ್ಕೆ ಅದನ್ನು ಉಪಯೋಗಿಸುವಂತಿಲ್ಲ. ಆದಕಾರಣ ಮನೆಯವರು ಮೊದಲೇ ನಿಶ್ಚಯಿಸಬೇಕಾದುದು ಇಷ್ಟು: ಈ ಜೀಪು ಇನ್ನೂ ದುಡಿಯಬೇಕೆ, ಅಥವಾ ತನ್ನ ಕಾಲಕ್ಕೆ ಸಾಕ್ಷಿಯಾಗಿ ನಿಲ್ಲಬೇಕೆ? ಎರಡೂ ಗೌರವದ ದಾರಿಗಳೇ. ಎರಡನ್ನೂ ಒಂದೇ ವಾಹನದಿಂದ ಅಪೇಕ್ಷಿಸುವುದು ಮಾತ್ರ ಸಾಧುವಲ್ಲ.

ಉಪಸಂಹಾರ

ಇಷ್ಟರಿಂದ ಕೆಲವು ನಿಯಮಗಳನ್ನು ಸಂಗ್ರಹಿಸಿ ಹೇಳಬಹುದು. ಒಂದನೆಯದು, ನಿಲ್ಲಿಸುವ ಶಕ್ತಿಯನ್ನು ಹೆಚ್ಚಿಸದೆ ಓಡಿಸುವ ಶಕ್ತಿಯನ್ನು ಹೆಚ್ಚಿಸಬಾರದು. ಎರಡನೆಯದು, ಒಂದು ಭಾಗವನ್ನು ಬದಲಿಸುವ ಮುನ್ನ ಅದಕ್ಕೆ ಸಂಬಂಧಿಸಿದ ಎಲ್ಲ ಭಾಗಗಳ ಪಟ್ಟಿಯನ್ನು ಬರೆದುಕೊಳ್ಳಬೇಕು. ಮೂರನೆಯದು, ಚಾಸಿಯನ್ನು ಕತ್ತರಿಸದೆ, ಬೇಕಾದಾಗ ಬಿಚ್ಚಿ ಮೊದಲಿನಂತೆ ಮಾಡಬಹುದಾದ ರೀತಿಯಲ್ಲಿ ಜೋಡಿಸಬೇಕು. ನಾಲ್ಕನೆಯದು, ತೆಗೆದ ಮೂಲಭಾಗಗಳಿಗೆ ಎಣ್ಣೆ ಸವರಿ, ಹೆಸರಿನ ಚೀಟಿ ಕಟ್ಟಿ ಕಾಪಾಡಬೇಕು. ಐದನೆಯದು, ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕಸಹಿತ ಪುಸ್ತಕದಲ್ಲಿ ಬರೆದಿಡಬೇಕು.

ಈ ಕೊನೆಯ ನಿಯಮವೇ ಅತ್ಯಂತ ಉಪೇಕ್ಷಿತವಾದುದು. ಹಳೆಯ ಜೀಪಿನ ಶಬ್ದವನ್ನು ಕೇಳಿಯೇ ಅದರ ರೋಗವನ್ನು ಹೇಳಬಲ್ಲ ಮೆಕ್ಯಾನಿಕರು ಮಲೆನಾಡಿನ ಪೇಟೆಗಳಲ್ಲಿ ಇನ್ನೂ ಇದ್ದಾರೆ. ಆದರೆ ಅವರ ವಿದ್ಯೆ ಬಹುಮಟ್ಟಿಗೆ ಕೈಯಲ್ಲಿದೆ, ಕಾಗದದಲ್ಲಿಲ್ಲ. ವಿಜ್ಞಾನದ ಅಧ್ಯಾಪಕರು ವರ್ಷಕ್ಕೊಮ್ಮೆಯಾದರೂ ಅಂತಹವರೊಬ್ಬರನ್ನು ಶಾಲೆಗೆ ಬರಮಾಡಿಕೊಂಡು, ವಿದ್ಯಾರ್ಥಿಗಳಿಂದ ಅವರ ಮಾತನ್ನು ಬರೆಯಿಸಿದರೆ ಭೌತಶಾಸ್ತ್ರದ ಪಾಠವೂ ಆಗುತ್ತದೆ, ಕನ್ನಡದ ಪಾಠವೂ ಆಗುತ್ತದೆ. ಹಿರಿಯ ವಿದ್ಯಾರ್ಥಿಗಳ ಮನೆಯ ಕೊಟ್ಟಿಗೆಗಳಲ್ಲಿ ನಿಂತಿರುವ ಹಳೆಯ ಡೈನಮೊ, ಗೇರ್‌ಬಾಕ್ಸು, ಬ್ರೇಕ್ ಡ್ರಮ್ಮುಗಳು ಗುಜರಿಯ ತೂಕಕ್ಕೆ ಹೋಗುವ ಬದಲು ಶಾಲೆಯ ಪ್ರಯೋಗಶಾಲೆಯನ್ನು ಸೇರಿದರೆ, ಬಿಚ್ಚಿ ಜೋಡಿಸಿ ಕಲಿಯುವ ಮಕ್ಕಳಿಗೆ ಅದಕ್ಕಿಂತ ಉತ್ತಮವಾದ ದಾನವಿರಲಾರದು.